ಎತ್ತು ಹಾಯ್ದದ್ದನ್ನೂ ಡಾಕ್ಟರಿಗೆ ಹೇಳಿ

ಅಪ್ಪ ರಾತ್ರಿ ನಾಲ್ಕೈದು ಸಲ ಎದ್ದು ಹಿತ್ತಲಿಗೆ ಹೋಗುತ್ತಿದ್ದ. "ವಯಸ್ಸಾತು, ಇನ್ನೇನ" ಅಂತ ತಾನೇ ಹೇಳಿಕೊಂಡು ಮತ್ತೆ ಮಲಗುತ್ತಿದ್ದ. ನಾವೂ ನಂಬಿದ್ದೆವು. ಹೋದ ವರ್ಷ ಶೇಂಗಾ ಕೀಳುವ ಹೊತ್ತಿಗೆ ಮೂತ್ರವೇ ಕಟ್ಟಿತು. ಹುಬ್ಬಳ್ಳಿಗೆ ಓಡಿದೆವು.

ರಕ್ತ ಪರೀಕ್ಷೆಯಲ್ಲಿ ಪಿಎಸ್‌ಎ 38 ಬಂತು. ಬಯಾಪ್ಸಿ ಮಾಡಿದರು, ಗ್ಲೀಸನ್ ಅಂಕ 8. ಪ್ರಾಸ್ಟೇಟ್ ಕ್ಯಾನ್ಸರ್, ಅದೂ ಜೋರಾಗಿ ಬೆಳೆಯುವ ಜಾತಿಯದು. ಪ್ರಾಸ್ಟೇಟ್ ಅಂದರೆ ಗಂಡಸರ ಮೂತ್ರಚೀಲದ ಕೆಳಗಿರುವ ಸಣ್ಣ ಗ್ರಂಥಿ.

"ರೋಗ ಗ್ರಂಥಿ ಹತ್ರನೇ ಇದ್ರೆ ಒಂದು ಚಿಕಿತ್ಸೆ, ದೂರ ಹರಡಿದ್ರೆ ಬೇರೆ. ಮೊದಲು ಅದನ್ನ ನೋಡೋಣ" ಅಂದರು ಡಾಕ್ಟರು. ಸಿಟಿ ಸ್ಕ್ಯಾನ್, ಬೋನ್ ಸ್ಕ್ಯಾನ್ ಎರಡೂ ಆದವು. ಸಿಟಿಯಲ್ಲಿ ಏನೂ ಇಲ್ಲ. ಬೋನ್ ಸ್ಕ್ಯಾನಿನಲ್ಲಿ ಮಾತ್ರ ಎಡಗಡೆ ಪಕ್ಕೆಲುಬಿನ ಮೇಲೆ ಒಂದು ಕಪ್ಪು ಚುಕ್ಕೆ.

ಆ ರಾತ್ರಿ ಲಾಡ್ಜಿನಲ್ಲಿ ಯಾರೂ ಊಟ ಮಾಡಲಿಲ್ಲ. "ಎಲುಬಿಗೆ ಹೋಗೇತಿ ಅಂದ್ರ ಮುಗೀತು. ಹೊಲ ಮಾರಬ್ಯಾಡ್ರಿ" ಅಂದ ಅಪ್ಪ.

ಮರುದಿನ ಡಾಕ್ಟರು ಚಿತ್ರ ನೋಡಿ ಕೇಳಿದರು: "ಯಜಮಾನ್ರ, ಈಚೆಗೆ ಎಲ್ಲಾದ್ರೂ ಬಿದ್ದಿದ್ರೇನು?"

"ಕಾರ ಹುಣ್ಣಿವಿ ದಿನ ಎತ್ತು ಹಾಯ್ದಿತ್ರಿ. ಮನ್ಯಾಗ ಹೇಳಿಲ್ಲ."

ಬೋನ್ ಸ್ಕ್ಯಾನ್ ಕ್ಯಾನ್ಸರನ್ನೇ ತೋರಿಸುವುದಿಲ್ಲ. ಎಲುಬು ಎಲ್ಲೆಲ್ಲಿ ರಿಪೇರಿ ಆಗುತ್ತಿದೆಯೋ ಅಲ್ಲೆಲ್ಲ ಚುಕ್ಕೆ ಬರುತ್ತದೆ. ಕೂಡುತ್ತಿರುವ ಮುರಿತ, ಸವೆದ ಕೀಲು, ಕ್ಯಾನ್ಸರ್, ಯಾವುದಿದ್ದರೂ ಚುಕ್ಕೆಯೇ. ಅನುಮಾನ ತೀರಲು ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಬರೆದುಕೊಟ್ಟರು.

ಖರ್ಚು ಕೇಳಿ ಎದೆ ಧಸಕ್ಕೆಂದಿತು. "ಇನ್ನೊಂದು ಸೆಂಟರಿನ್ಯಾಗ ಪೆಟ್ ಸ್ಕ್ಯಾನ್ ಕಡಿಮಿಗೆ ಮಾಡ್ತಾರ" ಅಂದ ಭಾವ. ಹಣ ಕಟ್ಟುವ ಮುಂಚೆ ಫೋನ್ ಮಾಡಿ, "ಇದು ಪಿಎಸ್‌ಎಂಎ ಏನ್ರೀ?" ಅಂತ ಕೇಳಿದೆ. ಅಲ್ಲ, ಮಾಮೂಲಿ ಪೆಟ್ ಅಂದರು.

ಹೆಸರು ಒಂದೇ, ಕೆಲಸ ಬೇರೆ. ಮಾಮೂಲಿ ಪೆಟ್‌ನಲ್ಲಿ ಸಕ್ಕರೆಯಂಥ ವಸ್ತು ಚುಚ್ಚುತ್ತಾರೆ. ಸಕ್ಕರೆ ಜಾಸ್ತಿ ತಿನ್ನುವ ಕ್ಯಾನ್ಸರ್ ಅದರಲ್ಲಿ ಹೊಳೆಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಬಹಳ ಸಲ ಅಷ್ಟು ತಿನ್ನುವುದಿಲ್ಲ, ಹಾಗಾಗಿ ತಪ್ಪಿಸಿಕೊಳ್ಳಬಹುದು. ಪಿಎಸ್‌ಎಂಎ ಅನ್ನುವುದು ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೈಮೇಲೆ ಹೇರಳವಾಗಿರುವ ಒಂದು ಪ್ರೋಟೀನ್. ಅದಕ್ಕೆ ಹೋಗಿ ಅಂಟುವ ಗ್ಯಾಲಿಯಂ-68ರಂಥ ವಿಕಿರಣ ವಸ್ತುವನ್ನು ಇದರಲ್ಲಿ ಚುಚ್ಚುತ್ತಾರೆ. ಆಸ್ಟ್ರೇಲಿಯಾದಲ್ಲಿ ಅಪ್ಪನಂತೆ ಹೆಚ್ಚು ಅಪಾಯವಿದ್ದ 302 ಜನರ ಮೇಲೆ ನಡೆದ ಅಧ್ಯಯನ 2020ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ರೋಗ ಹರಡಿದೆಯೋ ಇಲ್ಲವೋ ಎಂದು ಹೇಳುವುದರಲ್ಲಿ ಪಿಎಸ್‌ಎಂಎ ಪೆಟ್ ಶೇ. 92ರಷ್ಟು ನಿಖರ, ಸಿಟಿ ಮತ್ತು ಬೋನ್ ಸ್ಕ್ಯಾನ್ ಸೇರಿ ಶೇ. 65.

ಸಾಲ ಮಾಡಿ ಪಿಎಸ್‌ಎಂಎ ಮಾಡಿಸಿದೆವು. ಪಕ್ಕೆಲುಬು ಹೊಳೆಯಲಿಲ್ಲ. ಆದರೆ ಸಿಟಿಯಲ್ಲಿ ಕಾಣದಿದ್ದ ಎರಡು ಸಣ್ಣ ಗಂಟು ಕಿಬ್ಬೊಟ್ಟೆಯೊಳಗೆ ಹೊಳೆದವು. ರೇಡಿಯೇಷನ್ ಕೊಡುವ ಜಾಗಕ್ಕೆ ಅವನ್ನೂ ಸೇರಿಸಿದರು, ಜೊತೆಗೆ ಹಾರ್ಮೋನ್ ಇಂಜೆಕ್ಷನ್. ಮೊದಲ ಚಿತ್ರವನ್ನೇ ನಂಬಿದ್ದರೆ ಪಕ್ಕೆಲುಬಿನ ಹೆಸರಲ್ಲಿ ಕೈಚೆಲ್ಲುತ್ತಿದ್ದೆವು, ನಿಜವಾದ ಗಂಟು ಒಳಗೇ ಉಳಿಯುತ್ತಿತ್ತು.

ಇದು ಊರಲ್ಲಿ ಸುದ್ದಿಯಾಯಿತು. ಪಕ್ಕದ ಮನೆ ಕಾಕಾಗೂ ಅದೇ ರೋಗ. ಪಿಎಸ್‌ಎ 6, ಗ್ಲೀಸನ್ 6. ಡಾಕ್ಟರು ಪೆಟ್ ಬೇಡ ಅಂದಿದ್ದರು. "ನಿಮ್ಮಪ್ಪಗ ಮಾಡ್ಯಾರ, ನನಗ್ಯಾಕ ಇಲ್ಲ?" ಅಂತ ಅವರಿಗೆ ಬೇಜಾರು. ಅಪಾಯ ಕಡಿಮೆ ಇರುವಾಗ ರೋಗ ಹರಡಿರುವುದು ತೀರಾ ಅಪರೂಪ, ಬೋನ್ ಸ್ಕ್ಯಾನ್, ಪೆಟ್ ಎರಡೂ ಬೇಕಾಗುವುದಿಲ್ಲ. ಬದಲಿಗೆ ಸುಳ್ಳು ಚುಕ್ಕೆ ಬಂದು ಇನ್ನೊಂದು ಪರೀಕ್ಷೆ, ಇನ್ನೊಂದು ಸಾಲ. ಲಾಡ್ಜಿನ ಆ ರಾತ್ರಿಯ ಕಥೆ ಹೇಳಿದ ಮೇಲೆ ಕಾಕಾ ಸುಮ್ಮನಾದರು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ ಇಷ್ಟು ಕೇಳಿ:

ಇವರ ರೋಗದ ಅಪಾಯ ಕಡಿಮೆಯೋ, ನಡುವಿನದೋ, ಹೆಚ್ಚೋ?

ಈ ಸ್ಕ್ಯಾನಿನಿಂದ ಚಿಕಿತ್ಸೆ ಬದಲಾಗುತ್ತದೆಯೇ?

ಪೆಟ್ ಬರೆದಿದ್ದರೆ, ಅದು ಯಾವ ಪೆಟ್?

ಬಯಾಪ್ಸಿ ಇನ್ನೂ ಆಗಿಲ್ಲದಿದ್ದರೆ, ಅದಕ್ಕೂ ಮುಂಚೆ ಎಂಆರ್‌ಐ ಬೇಕೇ? ಬಯಾಪ್ಸಿ ಆದ ಮೇಲೆ ಕೆಲವು ವಾರ ಒಳಗಿನ ರಕ್ತದ ಕಲೆಯಿಂದ ಚಿತ್ರ ಸ್ಪಷ್ಟವಾಗಿ ಬರುವುದಿಲ್ಲ.

ರಿಪೋರ್ಟಿನ ಜೊತೆ ಸಿಡಿಯನ್ನೂ ಇಸಕೊಳ್ಳಿ. ಹಳೆ ಪೆಟ್ಟು ಮುಚ್ಚಿಡಬೇಡಿ.

ಅಪ್ಪನ ರೇಡಿಯೇಷನ್ ಮುಗಿದಿದೆ, ಇಂಜೆಕ್ಷನ್ ನಡೆದಿದೆ. ಈ ಕಾರ ಹುಣ್ಣಿಮೆಗೆ ಎತ್ತಿನ ಮೂಗುದಾಣ ಹಿಡಿಯಲು ನಾವು ಬಿಡಲಿಲ್ಲ. ಕಟ್ಟೆ ಮೇಲೆ ಕೂತು ನೋಡಿದ.