ಹೆಲ್ಮೆಟ್ ವೇಸ್ಟ್ ಅಂದಿದ್ದೆ, ಆ ಮಾತು ವಾಪಸ್ ತಗೊಳ್ತಿದ್ದೀನಿ

1/8

ಫ್ರೆಂಡ್ಸ್, ಇವತ್ತಿನದು ಉದ್ದದ ಕ್ಯಾಪ್ಶನ್. ಎಂಟು ಭಾಗ ಇದೆ. ಪುರುಸೊತ್ತಾದಾಗ ಓದಿ, ಆದ್ರೆ ಪೂರ್ತಿ ಓದಿ.

ಫೋಟೋದಲ್ಲಿರೋದು ನನ್ನ ತಮ್ಮನ ಸೈಕಲ್ ಹೆಲ್ಮೆಟ್. ನೀಲಿ ಬಣ್ಣ. ಒಂದು ಗೀರೂ ಬಿದ್ದಿಲ್ಲ. ನಾಲ್ಕು ತಿಂಗಳ ಹಿಂದೆ ಅವನಿಗೆ ಕಾರು ಗುದ್ದಿದಾಗ ಇದು ಅವನ ತಲೆ ಮೇಲೆ ಇರಲಿಲ್ಲ, ಮನೆಯಲ್ಲಿ ಚಪ್ಪಲಿ ಸ್ಟ್ಯಾಂಡ್ ಮೇಲಿತ್ತು. ಅದಕ್ಕೇ ಇಷ್ಟು ಚೆನ್ನಾಗಿದೆ.

ಅದು ಅಲ್ಲಿ ಇದ್ದಿದ್ದಕ್ಕೆ ಒಂದು ಕಾರಣ ನಾನು. ಕಳೆದ ವರ್ಷ ಇಲ್ಲೇ ಒಂದು ಪೋಸ್ಟ್ ಹಾಕಿದ್ದೆ, ನೆನಪಿದ್ಯಾ? "ಸೈಕಲ್ ಹೆಲ್ಮೆಟ್ ಟೆಸ್ಟ್ ಮಾಡೋದು ಗಂಟೆಗೆ 20 ಕಿ.ಮೀ. ವೇಗಕ್ಕೆ. ಕಾರು ಬರೋದು 50ರಲ್ಲಿ. ಲೆಕ್ಕ ನೀವೇ ಹಾಕ್ಕೊಳ್ಳಿ." ಕೆಳಗೆ ನಗೋ ಇಮೋಜಿ ಬೇರೆ. ನಿಮ್ಮಲ್ಲಿ ತುಂಬಾ ಜನ ಲೈಕ್ ಒತ್ತಿದ್ರಿ, ಸ್ಟೋರಿಗೂ ಹಾಕ್ಕೊಂಡ್ರಿ. ಲೈಕ್ ಒತ್ತಿದವರಲ್ಲಿ ನನ್ನ ತಮ್ಮನೂ ಒಬ್ಬ.

2/8

ಮೈಸೂರಲ್ಲಿ ಇರೋರಿಗೆ ಗೊತ್ತು, ಸಂಜೆ ಆರು ಗಂಟೆಗೆ ಟ್ಯೂಷನ್ ಬಿಡೋ ಹೊತ್ತಲ್ಲಿ ನಮ್ಮ ಬಡಾವಣೆ ರಸ್ತೆಗಳು ಹೇಗಿರ್ತವೆ ಅಂತ. ಅವನು ರಸ್ತೆಯ ಎಡಬದಿಯಲ್ಲೇ ಬರ್ತಿದ್ದ. ಒಂದು ಕಾರು ಅವನನ್ನ ಓವರ್‌ಟೇಕ್ ಮಾಡಿ, ಮಾಡಿದ ಕೂಡಲೇ ಇಂಡಿಕೇಟರ್ ಹಾಕದೆ ಎಡಗಡೆ ಕ್ರಾಸಿಗೆ ತಿರುಗಿಸಿತು. ಇವನು ಕಾರಿನ ಪಕ್ಕಕ್ಕೆ ಹೊಡೆದು ಎಡಕ್ಕೆ ಬಿದ್ದ. ಫುಟ್‌ಪಾತ್ ಅಂಚಿನ ಕಲ್ಲು ತಲೆಗೆ ತಗುಲಿತು, ಎಡಗಿವಿಯಿಂದ ನಾಲ್ಕು ಬೆರಳು ಮೇಲೆ.

ಒಂಬತ್ತು ಹೊಲಿಗೆ. ಮೂರು ದಿನ ಆಸ್ಪತ್ರೆ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇಲ್ಲ ಅಂದಾಗ ಅಮ್ಮ ಅಲ್ಲೇ ಕಾರಿಡಾರ್ ನೆಲದ ಮೇಲೆ ಕೂತುಬಿಟ್ಟರು. ಆದ್ರೆ ಮಿದುಳು ಅಲುಗಾಡಿದೆ, ಸಮಯ ಬೇಕು ಅಂತ ಡಾಕ್ಟರ್ ಹೇಳಿದ್ರು. ಐದಾರು ವಾರ ಅವನಿಗೆ ಟ್ಯೂಬ್‌ಲೈಟ್ ಬೆಳಕೂ ಆಗ್ತಿರಲಿಲ್ಲ, ಕುಕ್ಕರ್ ಸೀಟಿನೂ ಆಗ್ತಿರಲಿಲ್ಲ. ಎರಡು ಪುಟ ಓದಿದ್ರೆ ತಲೆನೋವು. ಮಾತಿನ ಮಧ್ಯೆ ಸಣ್ಣ ಸಣ್ಣ ಪದ ಮರೆತುಹೋಗೋದು. "ಅದು... ಅದೇ... ನೀರು ಕುಡಿಯೋದು" ಅಂತ ಲೋಟ ತೋರಿಸ್ತಿದ್ದ.

ಒಂದು ದಿನ ಕೇಳಿದ, "ಅಕ್ಕ, ಹೆಲ್ಮೆಟ್ ಹಾಕಿದ್ರೂ ಇಷ್ಟೇ ಆಗ್ತಿತ್ತಾ? ನೀನೇ ಹಾಕಿದ್ಯಲ್ಲ, ಕಾರಿಗೆ ಅದು ಪ್ರಯೋಜನ ಇಲ್ಲ ಅಂತ." ಬೈಯೋಕೆ ಕೇಳಿದ್ದಲ್ಲ. ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳಿದ್ದು. ನನ್ನ ಹತ್ರ ಉತ್ತರ ಇರಲಿಲ್ಲ.

3/8

ಆಮೇಲೆ ಕೂತು ಓದಿದೆ. ಮೊದಲು ನನ್ನ ಪೋಸ್ಟಿನ ಅಂಕಿಗಳು ಸರಿಯಾ ಅಂತ ನೋಡಿದೆ. ಸರಿಯಾಗೇ ಇದ್ವು.

ಸೈಕಲ್ ಹೆಲ್ಮೆಟ್ ಒಳಗಿರೋದು ಟಿ.ವಿ. ಡಬ್ಬದಲ್ಲಿ ಬರೋ ಥರ್ಮಾಕೋಲ್ ಜಾತಿಯದೇ, ಆದ್ರೆ ಇನ್ನೂ ಗಟ್ಟಿ ಫೋಮ್. ಲ್ಯಾಬಲ್ಲಿ ಅದರೊಳಗೆ ಲೋಹದ ತಲೆಯಾಕಾರ ಇಟ್ಟು ಕಬ್ಬಿಣದ ಮೇಲೆ ಬೀಳಿಸ್ತಾರೆ. ಯುರೋಪಿನ ಇಎನ್ 1078 ಮಾನದಂಡದಲ್ಲಿ ಸಮತಟ್ಟಾದ ಕಬ್ಬಿಣದ ಮೇಲೆ ಬೀಳಿಸೋ ಎತ್ತರ ಸುಮಾರು 1.5 ಮೀಟರ್, ವೇಗ ಗಂಟೆಗೆ ಸುಮಾರು 19.5 ಕಿ.ಮೀ. ಅಮೆರಿಕದ ಮಾನದಂಡದಲ್ಲಿ 2 ಮೀಟರ್, ಸುಮಾರು 22 ಕಿ.ಮೀ.

ಈಗ 50 ಕಿ.ಮೀ. ಲೆಕ್ಕ. ನೆಲಕ್ಕೆ ಬೀಳುವಾಗ ಅಷ್ಟು ವೇಗ ಬರಬೇಕಾದ್ರೆ ಸುಮಾರು 10 ಮೀಟರ್ ಎತ್ತರದಿಂದ, ಅಂದ್ರೆ ಮೂರನೇ ಮಹಡಿ ಹತ್ರದಿಂದ ಬೀಳಬೇಕು. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಪಿಯುಸಿ ಫಿಸಿಕ್ಸ್. 20ಕ್ಕಿಂತ 50ರಲ್ಲಿ ಆರು ಪಟ್ಟಿಗೂ ಜಾಸ್ತಿ. ಎರಡು ಸೆಂಟಿಮೀಟರ್ ಫೋಮ್ ಅದನ್ನೆಲ್ಲ ನುಂಗೋಕೆ ಆಗಲ್ಲ. ಇಲ್ಲಿವರೆಗೆ ನಾನು ಹೇಳಿದ್ದು ನಿಜ.

4/8

ತಪ್ಪಿದ್ದು ಎಲ್ಲಿ ಅಂದ್ರೆ, ಕಾರಿನ ವೇಗವನ್ನೇ ತಲೆಗೆ ಬೀಳೋ ಪೆಟ್ಟಿನ ವೇಗ ಅಂದ್ಕೊಂಡಿದ್ದೆ.

ಕಾರು ಸಾಮಾನ್ಯವಾಗಿ ಮೊದಲು ತಾಗೋದು ಚಕ್ರಕ್ಕೆ, ಕಾಲಿಗೆ. ತಲೆ ಆಮೇಲೆ ಬಾನೆಟ್‌ಗೋ, ಗಾಜಿಗೋ, ರಸ್ತೆಗೋ ಹೊಡೆಯುತ್ತೆ. ಅಷ್ಟರಲ್ಲಿ ಡ್ರೈವರ್ ಬ್ರೇಕ್ ಹಾಕಿರಬಹುದು, ಪೆಟ್ಟು ನೇರವಾಗಿ ಬೀಳದೆ ಓರೆಯಾಗಿ ಜಾರಬಹುದು. ನನ್ನ ತಮ್ಮನನ್ನೇ ತಗೊಳ್ಳಿ. ತಿರುವಲ್ಲಿದ್ದ ಕಾರು, ದೊಡ್ಡ ಸ್ಪೀಡೇನಲ್ಲ. ಅವನ ತಲೆ ಕಲ್ಲಿಗೆ ಬಿದ್ದಿದ್ದು ಸೈಕಲ್ ಮೇಲೆ ಕೂತ ಎತ್ತರದಿಂದ. ಅಂದ್ರೆ ಒಂದೂವರೆ ಮೀಟರ್ ಆಸುಪಾಸು. ಲ್ಯಾಬಲ್ಲಿ ಬೀಳಿಸೋದೂ ಹೆಚ್ಚುಕಮ್ಮಿ ಅಷ್ಟರಿಂದಲೇ. ಫುಟ್‌ಪಾತ್ ಕಲ್ಲಿನ ಅಂಚಿನ ಆಕಾರಕ್ಕೂ ಆ ಮಾನದಂಡದಲ್ಲಿ ಬೇರೆ ಟೆಸ್ಟೇ ಇದೆ. ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ತಪ್ಪು: ಟೆಸ್ಟ್ ಮಾಡಿದ ವೇಗ ದಾಟಿದ ತಕ್ಷಣ ಹೆಲ್ಮೆಟ್ ಸೊನ್ನೆ ಆಗಿಬಿಡುತ್ತೆ ಅಂದ್ಕೊಂಡಿದ್ದೆ. ಹಾಗಲ್ಲ. ಫೋಮ್ ಪುಡಿಯಾಗ್ತಾ ತನ್ನ ಪಾಲಿನ ಶಕ್ತಿಯನ್ನ ತಗೊಳ್ಳುತ್ತೆ, ಉಳಿದದ್ದು ತಲೆಗೆ ಹೋಗುತ್ತೆ. ಜೋರು ಮಳೇಲಿ ಕೊಡೆ ಹಿಡಿದ್ರೂ ಪ್ಯಾಂಟ್ ಒದ್ದೆ ಆಗುತ್ತೆ. ಹಾಗಂತ ಕೊಡೆ ಮನೇಲಿ ಬಿಟ್ಟು ಹೋಗ್ತೀರಾ? ಕ್ರಿಕೆಟ್ ಬಾಲ್ ಹಿಡಿಯುವಾಗ ಕೈ ಹಿಂದಕ್ಕೆ ಎಳ್ಕೋತೀವಲ್ಲ, ಫೋಮ್ ಮಾಡೋದೂ ಅದನ್ನೇ. ತಲೆ ನಿಲ್ಲೋಕೆ ಸ್ವಲ್ಪ ಜಾಗ, ಸ್ವಲ್ಪ ಸಮಯ ಕೊಡುತ್ತೆ.

5/8

ಇದೆಲ್ಲ ಲೆಕ್ಕ. ನಿಜವಾದ ರಸ್ತೇಲಿ ಏನಾಗಿದೆ?

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2001ರಿಂದ 2009ರವರೆಗೆ ಮೋಟಾರು ವಾಹನಗಳಿಗೆ ಡಿಕ್ಕಿಯಾದ 6,745 ಸೈಕಲ್ ಸವಾರರ ದಾಖಲೆ ನೋಡಿದ ಅಧ್ಯಯನ ಒಂದಿದೆ. ನಮ್ಮ ಪ್ರಶ್ನೆ ಸರಿಯಾಗಿ ಇದೇ. ಹೆಲ್ಮೆಟ್ ಹಾಕಿದವರಲ್ಲಿ ತಲೆಗೆ ಗಾಯ ಆಗೋ ಅಪಾಯ 74% ವರೆಗೂ ಕಮ್ಮಿ ಇತ್ತು. ಗಾಯ ಗಂಭೀರವಾದಷ್ಟೂ ಹೆಲ್ಮೆಟ್‌ನಿಂದಾದ ಲಾಭ ಜಾಸ್ತಿ ಇತ್ತು.

"ಹೆಲ್ಮೆಟ್ ಹಾಕೋರು ಮೊದಲೇ ಹುಷಾರಾಗಿ ಓಡಿಸೋರು ಅಲ್ವಾ?" ಅಂತ ನಿಮ್ಮಲ್ಲಿ ಯಾರಾದ್ರೂ ಕೇಳೇ ಕೇಳ್ತೀರಿ. ನಾನೂ ಕೇಳ್ಕೊಂಡೆ. ಒಳ್ಳೆ ಪ್ರಶ್ನೆ. ಹೆಲ್ಮೆಟ್ ಹಾಕದವರು ಹೆಚ್ಚು ಅಪಾಯದ ರೀತಿ ಓಡಿಸ್ತಿದ್ದರು ಅಂತ ಆ ಅಧ್ಯಯನವೇ ಹೇಳುತ್ತೆ. ಅಂಥ ವ್ಯತ್ಯಾಸಗಳನ್ನ ಲೆಕ್ಕಕ್ಕೆ ತಗೊಂಡೇ ಹೋಲಿಸಿದ್ದಾರೆ.

ಹಳೇ ಅಂಕಿಗಳು ಇನ್ನೂ ದೊಡ್ಡದಿದ್ವು. 1989ರಲ್ಲಿ ಸಿಯಾಟಲ್ ಊರಿನ ಅಧ್ಯಯನ ತಲೆಗಾಯ 85% ಕಮ್ಮಿ ಆಗುತ್ತೆ ಅಂದಿತ್ತು. ಆಮೇಲೆ ಬಂದವು ಅಷ್ಟು ಹೇಳಲ್ಲ. 40 ಅಧ್ಯಯನ, 64,000ಕ್ಕೂ ಹೆಚ್ಚು ಗಾಯಾಳುಗಳನ್ನ ಒಟ್ಟಿಗೆ ನೋಡಿದ ಇನ್ನೊಂದು ವಿಶ್ಲೇಷಣೆಯಲ್ಲಿ ಒಟ್ಟು ತಲೆಗಾಯ 51%, ಗಂಭೀರ ತಲೆಗಾಯ 69% ಕಮ್ಮಿ. 85 ಅಲ್ಲದಿದ್ರೂ ಇದೇನೂ ಸಣ್ಣ ಅಂಕಿ ಅಲ್ಲ.

6/8

ಈಗ ಇನ್ನೊಂದು ಮುಖ. ಇದನ್ನ ಬಿಟ್ರೆ ಮತ್ತೆ ಅರ್ಧ ಸತ್ಯ ಹೇಳಿದ ಹಾಗಾಗುತ್ತೆ.

ಹೆಲ್ಮೆಟ್ ಎದೆ, ಸೊಂಟ, ಕಾಲು ಕಾಯಲ್ಲ. ಬಸ್ಸಿನ ಚಕ್ರದ ಕೆಳಗೆ ಸಿಕ್ಕಿದ್ರೆ ಅದು ಏನೂ ಮಾಡಲ್ಲ. ಡಿಕ್ಕಿ ಆಗೋದನ್ನಂತೂ ತಪ್ಪಿಸಲ್ಲ.

2007ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಇಯಾನ್ ವಾಕರ್ ಸೈಕಲ್‌ಗೆ ಅಳತೆ ಮಾಡೋ ಸೆನ್ಸರ್ ಕಟ್ಟಿಕೊಂಡು ತಾನೇ ಓಡಿಸಿದ್ರು. ಹೆಲ್ಮೆಟ್ ಹಾಕಿದಾಗ ವಾಹನಗಳು ಸರಾಸರಿ 8.5 ಸೆಂಟಿಮೀಟರ್ ಹತ್ತಿರದಿಂದ ಹಾದುಹೋದವು ಅಂತ ಅವರ ಲೆಕ್ಕ. 2013ರಲ್ಲಿ ಬೇರೆಯವರು ಅದೇ ಮಾಹಿತಿಯನ್ನ ಮತ್ತೆ ಪರೀಕ್ಷಿಸಿ, ತೀರಾ ಹತ್ತಿರದಿಂದ ಹೋಗೋದಕ್ಕೂ ಹೆಲ್ಮೆಟ್‌ಗೂ ಸಂಬಂಧ ಕಾಣಲ್ಲ ಅಂದ್ರು.

ನೆದರ್‌ಲ್ಯಾಂಡ್ಸ್ ಕಥೆ ನಿಮಗೂ ಗೊತ್ತಿರುತ್ತೆ. ಅಲ್ಲಿ ದಿನನಿತ್ಯ ಸೈಕಲ್ ಓಡಿಸೋರಲ್ಲಿ ಹೆಲ್ಮೆಟ್ ಹಾಕೋರು ತುಂಬಾ ಕಮ್ಮಿ. ಆದ್ರೂ ಮಕ್ಕಳು ಸೈಕಲಲ್ಲೇ ಸ್ಕೂಲಿಗೆ ಹೋಗ್ತಾರೆ. 1970ರ ದಶಕದಲ್ಲಿ ಮಕ್ಕಳ ಸಾವಿನ ವಿರುದ್ಧ ಅಪ್ಪ ಅಮ್ಮಂದಿರು ಬೀದಿಗಿಳಿದ ಮೇಲೆ, ಅಲ್ಲಿ ಸೈಕಲ್‌ಗೆ ಬೇರೆ ದಾರಿ ಮಾಡಿದ್ರು, ಬಡಾವಣೆಗಳಲ್ಲಿ ಕಾರಿನ ವೇಗ ಇಳಿಸಿದ್ರು. ನಮ್ಮಲ್ಲಿ ನನ್ನ ತಮ್ಮ ಆಸ್ಪತ್ರೇಲಿದ್ದಾಗ ನೋಡೋಕೆ ಬಂದವರೆಲ್ಲ ಮೊದಲು ಕೇಳಿದ್ದು, "ಹೆಲ್ಮೆಟ್ ಹಾಕಿರಲಿಲ್ವಾ?" ಅಂತ. ಕಾರಿನವರು ಇಂಡಿಕೇಟರ್ ಯಾಕೆ ಹಾಕಲಿಲ್ಲ ಅಂತ ಕೇಳಿದ್ದು ನಮ್ಮ ಅಜ್ಜಿ ಒಬ್ಬರೇ.

ಹೆಲ್ಮೆಟ್ ಹಾಕದೇ ಇದ್ದಿದ್ದು ಅವನ ಅಪರಾಧ ಅಲ್ಲ. ನಮ್ಮ ಮೋಟಾರು ವಾಹನ ಕಾಯ್ದೆಯ ಹೆಲ್ಮೆಟ್ ನಿಯಮ ಇರೋದು ಬೈಕ್, ಸ್ಕೂಟರ್‌ಗೆ, ಸೈಕಲ್‌ಗಲ್ಲ. ತಪ್ಪು ತಿರುಗಿಸಿದವರದ್ದೇ. ಆದ್ರೆ ತಪ್ಪು ಯಾರದ್ದೇ ಇರಲಿ, ಪದ ಮರೆತು ಲೋಟ ತೋರಿಸಿದ್ದು ನನ್ನ ತಮ್ಮ.

7/8

ಹಾಕೋದಾದ್ರೆ ಸರಿಯಾಗಿ ಹಾಕಿ. ಸೇವ್ ಮಾಡ್ಕೊಳ್ಳಿ:

👉 ಒಳಗಿನ ಸ್ಟಿಕರ್‌ನಲ್ಲಿ ಇಎನ್ 1078 ಅಥವಾ ಅಮೆರಿಕದ ಸಿಪಿಎಸ್‌ಸಿ ಗುರುತು ಇದ್ಯಾ ನೋಡಿ. ಬೈಕ್ ಹೆಲ್ಮೆಟ್ ಮೇಲೆ ಕಾಣೋ ಐಎಸ್ 4151 ಮೋಟಾರು ದ್ವಿಚಕ್ರ ಸವಾರರದ್ದು, ಅದು ಬೇರೆ.

👉 ಹೆಲ್ಮೆಟ್ ಹಣೆ ಮೇಲೆ ನೇರ ಕೂರಬೇಕು. ಹುಬ್ಬಿಗೂ ಅದಕ್ಕೂ ಎರಡು ಬೆರಳು ಜಾಗ ಅಷ್ಟೇ. ಹಿಂದಕ್ಕೆ ಜಾರಿಸಿ ಟೋಪಿ ಥರ ಹಾಕಿದ್ರೆ ಹಣೆಗೆ ರಕ್ಷಣೆ ಇಲ್ಲ.

👉 ಪಟ್ಟಿ ಕಿವಿಯ ಎರಡೂ ಪಕ್ಕ ಬಂದು ಕಿವಿ ಕೆಳಗೆ ಸೇರಬೇಕು. ಗದ್ದದ ಕೆಳಗೆ ಬಕಲ್ ಹಾಕಿದ ಮೇಲೆ ಒಂದೆರಡು ಬೆರಳು ಮಾತ್ರ ತೂರಬೇಕು. ಬಕಲ್ ಹಾಕದ ಹೆಲ್ಮೆಟ್ ಬೀಳುವಾಗ ನಿಮಗಿಂತ ಮೊದಲೇ ಹಾರಿಹೋಗುತ್ತೆ.

👉 ಒಂದು ಸಲ ಜೋರಾಗಿ ಪೆಟ್ಟು ಬಿದ್ರೆ ಬದಲಾಯಿಸಿ, ಹೊರಗೆ ಬಿರುಕು ಕಾಣದಿದ್ರೂ. ಅಮುಕಿದ ಫೋಮ್ ಮತ್ತೆ ಉಬ್ಬಲ್ಲ.

👉 ಹೆಲ್ಮೆಟ್ ಹಾಕಿದ್ದೀನಿ ಅಂತ ಲೈಟ್ ಮರೀಬೇಡಿ. ತಿರುಗೋ ಕಾರಿನ ಎಡಪಕ್ಕಕ್ಕೆ ನುಗ್ಗಬೇಡಿ, ಹಿಂದೇನೇ ಇರಿ.

👉 ಕಾರು, ಸ್ಕೂಟರ್ ಓಡಿಸೋರು: ಸೈಕಲ್ ದಾಟಿದ ಕೂಡಲೇ ಎಡಕ್ಕೆ ತಿರುಗಿಸಬೇಡಿ. ಐದು ಸೆಕೆಂಡ್ ಕಾಯ್ರಿ, ಪ್ಲೀಸ್.

8/8

ತಮ್ಮ ಈಗ ಪರವಾಗಿಲ್ಲ. ಹೋದ ವಾರದಿಂದ ಮತ್ತೆ ಸೈಕಲ್ ತೆಗೆದಿದ್ದಾನೆ. ಅಮ್ಮ ಬೇಡ ಅಂದ್ರು, ಅಪ್ಪ ಏನೂ ಹೇಳಲಿಲ್ಲ, ಗೇಟ್ ತನಕ ಹೋಗಿ ನಿಂತ್ಕೊಂಡ್ರು.

ಅದಕ್ಕೆ ಮುಂಚೆ ಅವನ ಪ್ರಶ್ನೆಗೆ ಉತ್ತರ ಹೇಳಿದೆ. "ಹಾಕಿದ್ರೂ ಬೀಳ್ತಿದ್ದೆ ಕಣೋ. ಮೊಣಕೈ ತರಚುತ್ತಿತ್ತು. ತಲೆಗೂ ಸ್ವಲ್ಪ ಆಗ್ತಿತ್ತೇನೋ. ಆದ್ರೆ ಬಹುಶಃ ಇಷ್ಟು ಆಗ್ತಿರಲಿಲ್ಲ. ನಾನು ಹಾಕಿದ್ದು ತಪ್ಪು."

ಅವನು ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, "ಸರಿ, ಅದನ್ನೂ ಪೋಸ್ಟ್ ಹಾಕು. ಅದಕ್ಕೆ ಎಷ್ಟು ಲೈಕ್ ಬರುತ್ತೆ ನೋಡೋಣ" ಅಂದ.

ಹಳೇ ಪೋಸ್ಟ್ ಡಿಲೀಟ್ ಮಾಡಿಲ್ಲ. ಅದರ ಮೇಲೆ "ಇದು ತಪ್ಪು, ಹೊಸದು ಓದಿ" ಅಂತ ಬರೆದು ಇಟ್ಟಿದ್ದೀನಿ. ಅವತ್ತು ಅದನ್ನ ಸ್ಟೋರಿಗೆ ಹಾಕ್ಕೊಂಡವರು ನಿಮ್ಮಲ್ಲೇ ಇದ್ದೀರಿ. ನಿಮ್ಮನ್ನ ನೋಡಿ ಯಾರಾದ್ರೂ ಹೆಲ್ಮೆಟ್ ತೆಗೆದಿಟ್ಟಿರಬಹುದು, ನಿಮ್ಮ ತಮ್ಮನೋ ತಂಗಿನೋ ಪಕ್ಕದ್ಮನೆ ಹುಡುಗನೋ. ಇದನ್ನೂ ಒಂದ್ಸಲ ಹಾಕ್ಕೊಳ್ಳಿ. ಲೈಕ್ ಬೇಡ, ಅವರಿಗೆ ತಲುಪಿದ್ರೆ ಸಾಕು.

#ಸೈಕಲ್ #ಹೆಲ್ಮೆಟ್ #ಮೈಸೂರು #ತಪ್ಪಾಯ್ತು