ಹಾರ್ಡ್ ಡಿಸ್ಕಿಗೊಂದು ಮನೆ

ಪೆಟ್ಟಿಗೆಗಳೆಂದರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಗೌರವ. ನಮ್ಮ ಅಜ್ಜನ ಕೋಣೆಯಲ್ಲಿ ಒಂದು ಸಂದೂಕವಿತ್ತು. ಅದರೊಳಗೆ ಏನಿದೆಯೆಂಬುದು ಅಜ್ಜನಿಗೂ ದೇವರಿಗೂ ಮಾತ್ರ ಗೊತ್ತು. ಅಜ್ಜ ತೀರಿಕೊಂಡ ಮೇಲೆ ತೆರೆದು ನೋಡಿದರೆ, ನಿಜಾಮರ ಕಾಲದ ಉರ್ದು ಕಾಗದಗಳು, ಒಂದು ಹರಕು ಜಮಖಾನೆ, ಎರಡು ಹಲಗೆಗಳ ನಡುವೆ ದಾರ ಸುತ್ತಿ ಕಟ್ಟಿದ ತಾಳೆಗರಿಯ ಒಂದು ಕಟ್ಟು. ಚಿನ್ನ ಸಿಕ್ಕೀತೆಂದು ಕಾದಿದ್ದ ದೊಡ್ಡಪ್ಪ ನಿಟ್ಟುಸಿರು ಬಿಟ್ಟರು. ಗರಿಯ ಕಟ್ಟು ನನ್ನ ಪಾಲಿಗೆ ಬಂತು. ಹಲಗೆಗಳನ್ನು ಹುಳು ಅಷ್ಟಿಷ್ಟು ತಿಂದಿತ್ತು. ಒಳಗಿನ ಗರಿಗಳು ಮಾತ್ರ ನೆಟ್ಟಗಿದ್ದವು. ಬರೆದವನನ್ನು ಎಲ್ಲರೂ ನೆನೆಯುತ್ತಾರೆ. ಹಲಗೆ ಮಾಡಿಕೊಟ್ಟ ಬಡಿಗನನ್ನು ನೆನೆಯುವವರು ಯಾರು?

ಆ ಬಡಿಗನ ನೆನಪು ನನಗಾದದ್ದು ಹೋದ ವರ್ಷ, ನನ್ನ ಲ್ಯಾಪ್‌ಟಾಪು ಪ್ರಾಣ ಬಿಟ್ಟಾಗ.

ಲ್ಯಾಪ್‌ಟಾಪು ಹೋದರೆ ಇನ್ನೊಂದು ಬಂದೀತು. ಆದರೆ ಅದರೊಳಗೆ ಒಬ್ಬ ಮುದುಕಿಯ ದನಿಯಿತ್ತು. ಹನ್ನೆರಡು ವರ್ಷಗಳ ಹಿಂದೆ ನಾನು ಮಸ್ಕಿಯ ಸುತ್ತಿನ ಹಳ್ಳಿಗಳಲ್ಲಿ ಬೀಸುವ ಪದಗಳನ್ನು ಧ್ವನಿಮುದ್ರಿಸುತ್ತ ತಿರುಗಾಡಿದ್ದೆ. ಒಬ್ಬ ಆಯಿ, ಎಂಬತ್ತು ದಾಟಿದವಳು, ಎರಡು ದಿನ ಕೂತು ಹಾಡಿದಳು. ಅಕ್ಷರ ಬಾರದ ಆಕೆಯ ನಾಲಗೆಯ ಮೇಲಿದ್ದಷ್ಟು ಪದಗಳು ನನ್ನ ಕಪಾಟಿನ ಪುಸ್ತಕಗಳಲ್ಲಿಯೂ ಇರಲಿಲ್ಲ. ಆಕೆ ತೀರಿಕೊಂಡು ಮೂರು ವರ್ಷಗಳಾದವು. ಈಗ ಆಕೆಯ ಮೊಮ್ಮಗ ಫೋನು ಮಾಡಿದ್ದ: "ಸರ, ತಂಗಿ ಮದಿವಿ ಐತ್ರಿ. ಅರಿಷಿಣದ ದಿನ ನಮ್ಮ ಆಯಿ ಪದ ಕೇಳಿಸಬೇಕಂತ ಮನ್ಯಾಗ ಎಲ್ಲಾರ ಆಸೆ. ನಿಮ್ಮ ಹತ್ರ ಐತಲ್ರಿ?" "ಐತಪಾ, ಎಲ್ಲಿ ಹೋಗ್ತೈತಿ?" ಎಂದು ನಾನು ಬಲು ಗಂಭೀರವಾಗಿ ಹೇಳಿದೆ. ಅದಾದ ನಾಲ್ಕನೆಯ ದಿನಕ್ಕೆ ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು. ಇನ್ನೊಂದು ಪ್ರತಿ ಎಲ್ಲಿದೆ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಅದನ್ನೇ ಕೇಳಿದಳು. ಕೈಬರಹದ ಪ್ರತಿ ಒಂದೇ ಇದ್ದುದರಿಂದ ನಾಶವಾದ ಕಾವ್ಯಗಳ ಬಗ್ಗೆ ವರ್ಷವರ್ಷವೂ ಪಾಠ ಮಾಡುವ ಮಾಸ್ತರ ನಾನು. ಉತ್ತರ ಕೊಡಲಿಲ್ಲ.

ಲಿಂಗಸುಗೂರಿನ ಒಂದು ಅಂಗಡಿಯವರು ಬಿಚ್ಚಿ ನೋಡಿ, "ಬೋರ್ಡ್ ಹೋಗೈತ್ರಿ, ಹೊಸಾದು ತಗೋರಿ" ಎಂದರು. ಆಗ ಸಿಂಧನೂರಿನಲ್ಲಿ ಕಂಪ್ಯೂಟರಿನ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೆನಪಾದ. ಛಂದಸ್ಸಿನಲ್ಲಿ ಎಂದೂ ಪಾಸಾಗದ ಹುಡುಗ. ಫೋನಿನಲ್ಲಿ ಅವನು ಹೇಳಿದ ಮಾತು ನನಗೆ ಉಪನಿಷತ್ತಿನಂತೆ ಕೇಳಿಸಿತು: "ಸರ, ಸತ್ತಿದ್ದು ಲ್ಯಾಪ್‌ಟಾಪ್ರಿ, ಡಿಸ್ಕ್ ಅಲ್ಲ. ಡಿಸ್ಕ್ ತಗದು ಒಂದು ಕೇಸಿನಾಗ ಹಾಕಿದ್ರ ಆತು." ದೇಹ ಹೋಯಿತು, ಆತ್ಮ ಉಳಿದಿದೆ, ಅದಕ್ಕೊಂದು ಹೊಸ ಅಂಗಿ ಬೇಕು, ಅಷ್ಟೆ.

ಆ ಅಂಗಿಯನ್ನು ನಾನೇ ಕೊಳ್ಳುತ್ತೇನೆಂದು ಹೊರಟದ್ದು ಮೊದಲ ತಪ್ಪು. ಮೊಬೈಲಿನಲ್ಲಿ ಹುಡುಕಿ, ಎಲ್ಲಕ್ಕಿಂತ ಚೆಂದ ಕಂಡದ್ದನ್ನು ತರಿಸಿದೆ. ಬಂದದ್ದು ಎರಡು ಬೆರಳು ಅಗಲದ ಒಂದು ಲೋಹದ ಪಟ್ಟಿ. ನನ್ನ ಡಿಸ್ಕೋ ಅಂಗೈಯಷ್ಟು. ಎಂ.2 ಎಂಬ ಹೊಸ ತಳಿಯ, ಒಳಗೆ ತಿರುಗುವ ತಟ್ಟೆಯೇ ಇಲ್ಲದ ಡ್ರೈವುಗಳ ಮನೆಯಂತೆ ಅದು. ಆ ತಳಿಯಲ್ಲೂ ಸಾಟಾ, ಎನ್‌ವಿಎಂಇ ಎಂಬ ಎರಡು ಪಂಗಡಗಳಿದ್ದು, ಒಂದರ ಮನೆಯಲ್ಲಿ ಇನ್ನೊಂದು ನಡೆಯದೆ ಇರಬಹುದಂತೆ. ಜಾತಿ ನಮ್ಮನ್ನು ಎಲ್ಲಿಯೂ ಬಿಡುವುದಿಲ್ಲ.

ಕೊನೆಗೆ ಡಿಸ್ಕನ್ನು ಒಂದು ಟವೆಲಿನಲ್ಲಿ ಸುತ್ತಿ, ಕೂಸಿನಂತೆ ಎದೆಗವಚಿಕೊಂಡು ಸಿಂಧನೂರಿನ ಬಸ್ಸು ಹತ್ತಿದೆ. ನಡುದಾರಿಯಲ್ಲಿ ಮಸ್ಕಿ. ಅಲ್ಲಿಯ ಗುಡ್ಡದಲ್ಲಿ ಅಶೋಕನ ಶಾಸನವಿದೆಯೆಂಬುದು ನಿಮಗೆ ಗೊತ್ತೇ ಇದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದ ಮೇಲೆಯೂ, ದೇವಾನಾಂಪ್ರಿಯ ಪ್ರಿಯದರ್ಶಿ ಎಂದು ಬಂಡೆಬಂಡೆಗಳಲ್ಲಿ ಬರೆಸಿದ ದೊರೆ ಅಶೋಕನೇ ಎಂಬುದಕ್ಕೆ ಶಾಸನದ ಸಾಕ್ಷಿ ಸಿಕ್ಕಿರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬಾತನ ಕಣ್ಣಿಗೆ ಮಸ್ಕಿಯ ಈ ಬಂಡೆ ಬಿತ್ತು. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಅದೇ ವರ್ಷ ಪ್ರಕಟಿಸಿದರು. ಚಿನ್ನ ಹುಡುಕುವವನಿಗೆ ಅಕ್ಷರ ಸಿಕ್ಕ ಈ ಕಥೆ ಕೇಳಿದ್ದರೆ ನನ್ನ ದೊಡ್ಡಪ್ಪನಿಗೆ ಸಮಾಧಾನವಾಗುತ್ತಿತ್ತು.

ಬಸ್ಸಿನಲ್ಲಿ ಕೂತು ನಾನು ಯೋಚಿಸಿದೆ: ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಕ್ಕಿ ಆ ಬರಹ ಉಳಿದದ್ದು ಕಲ್ಲಿನ ಗಟ್ಟಿತನದಿಂದ ಮಾತ್ರವೇ? ಮಸ್ಕಿಯ ಕಲ್ಲಿನಲ್ಲಿಯೂ ಎಷ್ಟೋ ಅಕ್ಷರಗಳು ಸವೆದುಹೋಗಿವೆ. ಆದರೆ ಅಶೋಕ ಒಂದೇ ಮಾತನ್ನು ಒಂದೇ ಕಡೆ ಬರೆಸಿ ಸುಮ್ಮನಿರಲಿಲ್ಲ. ಕೊಪ್ಪಳದಲ್ಲಿ, ಬ್ರಹ್ಮಗಿರಿಯಲ್ಲಿ, ಇನ್ನೂ ಎಷ್ಟೋ ಕಡೆ ಬರೆಸಿದ. ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆ ಸಿಕ್ಕೀತು. ಚಕ್ರವರ್ತಿಗೆ ತಿಳಿದದ್ದು ಮಾಸ್ತರನಿಗೆ ತಿಳಿಯಲಿಲ್ಲ.

ಸಿಂಧನೂರಿನ ಹುಡುಗ ಡಿಸ್ಕನ್ನು ಕೈಯಲ್ಲಿ ಹಿಡಿದು ನೋಡಿ, ನಾನು ಕೇಳದಿದ್ದರೂ ಪಾಠ ಶುರುಮಾಡಿದ. ಈ ಸಲ ಬೆಂಚಿನ ಮೇಲೆ ಕೂತವನು ನಾನು. ಮೊದಲು ಅಳತೆ: ಲ್ಯಾಪ್‌ಟಾಪಿನ ಡಿಸ್ಕು ಎರಡೂವರೆ ಅಂಗುಲದ್ದು, ಮೇಜಿನ ಕಂಪ್ಯೂಟರಿನದು ಮೂರೂವರೆ. ಚಿಕ್ಕದಕ್ಕೆ ಯುಎಸ್‌ಬಿ ತಂತಿಯಿಂದ ಬರುವ ಐದು ವೋಲ್ಟೇ ಸಾಕು. ದೊಡ್ಡದಕ್ಕೆ ಹನ್ನೆರಡು ವೋಲ್ಟಿನ ಬೇರೆ ಅಡಾಪ್ಟರ್ ಬೇಕು. ಎರಡನೆಯದು ದಪ್ಪ: ಏಳು, ಒಂಬತ್ತೂವರೆ ಮಿಲಿಮೀಟರಿನವು ಸಾಮಾನ್ಯ ಕೇಸಿನಲ್ಲಿ ಹಿಡಿಸುತ್ತವೆ; ಅದಕ್ಕೂ ದಪ್ಪನಾದವು ಎಷ್ಟೋ ಕೇಸುಗಳಲ್ಲಿ ಕೂರುವುದಿಲ್ಲ. ಮೂರನೆಯದು ಹಲ್ಲು: ಹಳೆಯ ಐಡಿಇಯೋ, ಸಾಟಾವೋ ನೋಡಿಕೊಳ್ಳಬೇಕು. ನಾಲ್ಕನೆಯದು ವೇಗ: ಯುಎಸ್‌ಬಿ 2.0ಕ್ಕೆ ಸೆಕೆಂಡಿಗೆ 480 ಮೆಗಾಬಿಟ್, 3.0ಕ್ಕೆ 5 ಗಿಗಾಬಿಟ್. ತಿರುಗುವ ಹಳೆಯ ಡಿಸ್ಕಿಗೆ 3.0 ಧಾರಾಳವಾಯಿತು; ಅದಕ್ಕೂ ಮೇಲಿನದನ್ನು ಕೊಳ್ಳುವುದು ಎತ್ತಿನ ಬಂಡಿಗೆ ಹೆದ್ದಾರಿ ಹಾಸಿದಂತೆ. ಇಷ್ಟೆಲ್ಲ ಕೇಳಿ ಲಕ್ಷದ ಮಾತೇನೋ ಎಂದುಕೊಂಡಿದ್ದೆ. ಕೊಟ್ಟದ್ದು ಕೆಲವು ನೂರು ರೂಪಾಯಿ.

ಡಿಸ್ಕನ್ನು ಕೇಸಿಗೆ ಕೂಡಿಸಿ, ತಂತಿಯನ್ನು ಕಂಪ್ಯೂಟರಿನ ಮುಂಭಾಗಕ್ಕೆ ಸಿಕ್ಕಿಸಿದ. ಒಳಗೆ ತಟ್ಟೆ ತಿರುಗುವ ಸದ್ದು, ನಿಂತು ನಿಂತು. ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ವಿನಯವಾಗಿಯೇ ಕೇಳುತ್ತಿದೆಯಲ್ಲ ಎಂದು ನನ್ನ ಬೆರಳು ಹೌದಿನ ಕಡೆಗೆ ಹೋಯಿತು. ಹುಡುಗ ನನ್ನ ಕೈಯನ್ನೇ ಹಿಡಿದುಬಿಟ್ಟ. "ಸರ! ಅದನ್ನ ಒತ್ತಿದ್ರ ಎಲ್ಲಾ ಒರೆಸಿ ಹೋಗ್ತೈತ್ರಿ!" ಮೂವತ್ತೆರಡು ವರ್ಷದ ಹುಡುಗ ತನ್ನ ಗುರುವಿನ ಕೈ ಹಿಡಿದ ಆ ಗಳಿಗೆಯನ್ನು ನಾನು ಮರೆಯಲಾರೆ. ಅವನು ತಂತಿ ಬದಲಿಸಿ, ಹಿಂಭಾಗದ ತೂತಿಗೆ ಸಿಕ್ಕಿಸಿದ. ವಿದ್ಯುತ್ತು ಸಾಲದಿದ್ದರೆ, ತಂತಿ ಸಡಿಲಿದ್ದರೆ ಒಳ್ಳೆಯ ಡಿಸ್ಕೂ ಹೀಗೆ ತೊದಲುತ್ತದಂತೆ. ಸದ್ದು ಈಗ ಒಂದೇ ಸಮನಾಯಿತು. ಕಡತಗಳು ಒಂದೊಂದಾಗಿ ತೆರೆದುಕೊಂಡವು.

ಡಿಸ್ಕೇ ಟಕಟಕ ಎಂದು ಬಡಿದುಕೊಳ್ಳುತ್ತಿದ್ದರೆ ಯಾವ ಕೇಸೂ ಅದನ್ನು ಬದುಕಿಸಲಾರದು. ಆಗ ಮತ್ತೆ ಮತ್ತೆ ಚಾಲೂ ಮಾಡದೆ ತಜ್ಞರ ಕೈಗೆ ಕೊಡಬೇಕು ಎಂದೂ ಅವನು ಹೇಳಿದ. ತಿರುಗುವಾಗ ಡಿಸ್ಕನ್ನು ಅಲುಗಾಡಿಸಬಾರದು. ಓದುವ ತಲೆ ತಟ್ಟೆಯನ್ನು ಮುಟ್ಟದೆ, ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಗಾಳಿಯ ಮೇಲೆ ತೇಲುತ್ತಿರುತ್ತದೆ. ಕೀಳುವ ಮುನ್ನ ಕಂಪ್ಯೂಟರಿನ ಅಪ್ಪಣೆ ಕೇಳಬೇಕು. ಊಟದಿಂದ ಏಳುವಾಗ ಪಂಕ್ತಿಯವರನ್ನು ಕೇಳುವುದಿಲ್ಲವೇ, ಹಾಗೆ.

ನನ್ನ ಹಳೆಯ ಟಿಪ್ಪಣಿಯೊಂದನ್ನು ತೆರೆದರೆ ಕನ್ನಡದ ಬದಲು ಇಂಗ್ಲಿಷು ಅಕ್ಷರಗಳ ಕಲಸುಮೇಲೋಗರ. ನುಡಿಯ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದೆ. ಆ ಫಾಂಟು ಈ ಕಂಪ್ಯೂಟರಿನಲ್ಲಿರಲಿಲ್ಲ. ಬರಹ ಉಳಿದರೂ ಲಿಪಿ ಮರೆತರೆ ಏನಾಗುವುದೆಂದು ಮಸ್ಕಿಯ ಬಂಡೆಯನ್ನು ಕೇಳಬೇಕು. ಪುಣ್ಯಕ್ಕೆ ನಮಗೆ ಪ್ರಿನ್ಸೆಪ್ ಬೇಕಾಗಲಿಲ್ಲ, ಫಾಂಟು ಹಾಕಿಕೊಂಡರೆ ಸಾಕಾಯಿತು. ಆ ಟಿಪ್ಪಣಿಗಳನ್ನೆಲ್ಲ ಈಗ ಯೂನಿಕೋಡಿಗೆ ಬದಲಿಸಿದ್ದೇನೆ.

ನನ್ನ ಜಿಲ್ಲೆ ಹೈದರಾಬಾದಿನಿಂದ ಕಳಚಿ ಕನ್ನಡ ನಾಡಿಗೆ ಸೇರಿದ್ದು 1956ರಲ್ಲಿ. ಅದೇ ವರ್ಷ ಐಬಿಎಂನವರು ಮೊದಲ ಹಾರ್ಡ್ ಡಿಸ್ಕನ್ನು ಹೊರತಂದರು: ಎರಡು ಅಡಿ ಅಗಲದ ಐವತ್ತು ತಟ್ಟೆಗಳು, ಎಲ್ಲ ಸೇರಿ ಹಿಡಿಸುತ್ತಿದ್ದುದು ಸುಮಾರು ಐದು ಮೆಗಾಬೈಟು. ಅಂದರೆ ಇಂದಿನ ಲೆಕ್ಕದಲ್ಲಿ ಆಯಿಯ ಒಂದು ಪದ. ಆಗ ಆಕೆ ಇನ್ನೂ ಚಿಕ್ಕವಳು, ಎಲ್ಲ ಪದಗಳನ್ನೂ ಯಾವ ಪೆಟ್ಟಿಗೆಯೂ ಇಲ್ಲದೆ ಹೊತ್ತುಕೊಂಡಿದ್ದಳು.

ಮೂರು ಪ್ರತಿ ಮಾಡಿಸಿದೆ: ಒಂದು ನನ್ನ ಮನೆಗೆ, ಒಂದು ಸಿಂಧನೂರಿನ ಹುಡುಗನ ಅಂಗಡಿಗೆ, ಒಂದು ಮೊಮ್ಮಗನಿಗೆ. ಅರಿಷಿಣದ ದಿನ ನಾನೂ ಹೋಗಿದ್ದೆ. ಅಂಗಳದಲ್ಲಿ ಹೆಣ್ಣುಮಕ್ಕಳು ಕೂತಿದ್ದರು. ಹುಡುಗ ಗುಂಡಿ ಒತ್ತಿದ. ಕೋಳಿ ಕೂಗಿತು, ಬೀಸುವ ಕಲ್ಲು ತಿರುಗಿತು, ಆಯಿ ಹಾಡಿದಳು. ಪದ ಮುಗಿದ ಮೇಲೆ ಮುದ್ರಿಕೆಯನ್ನು ನಿಲ್ಲಿಸಲು ನಾನು ಅಂದು ಮರೆತಿದ್ದೆನೆಂದು ಕಾಣುತ್ತದೆ. ಆಕೆಯ ದನಿ ಮತ್ತೆ ಕೇಳಿಸಿತು: "ತಮ್ಮಾ, ಇಷ್ಟೆಲ್ಲಾ ಆ ಸಣ್ಣ ಡಬ್ಬ್ಯಾಗ ಹಿಡಿಸ್ತೈತೇನು?"

"ಹಿಡಿಸ್ತೈತಿ ಆಯಿ, ನೀ ಹಾಡು" ಎಂದು ಹನ್ನೆರಡು ವರ್ಷ ಚಿಕ್ಕವನಾದ ನಾನು ಹೇಳಿದೆ. ಅಂಗಳದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿ ನೋಡಿದರು. ಮದುಮಗಳು ಅಳುತ್ತಲೇ ನಕ್ಕಳು.