ಪ್ರತಿರೂಪಕ

ಅರವತ್ತು ದಾಟಿದ ಮೇಲೆ ಹೊಸ ಆಸೆಗಳು ಹುಟ್ಟಲಾರವೆಂದು ನಂಬಿದ್ದೆ. ಮೈಸೂರಿನ ಮಳಿಗೆಯೊಂದರಲ್ಲಿ ಬೀಟೆಮರದ ಚಿಕ್ಕ ಮೇಜನ್ನು ಕಂಡ ದಿನ ಆ ನಂಬಿಕೆ ಹುಸಿಯಾಯಿತು. ಕಪ್ಪು ಹಲಗೆಯೊಳಗೆ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಹುದುಗಿಸಿ, ಎಲೆ ಹೂವುಗಳನ್ನು ಅರಳಿಸಿದ್ದರು. ಬೆಲೆ ಕೇಳಿ ಕೈಯನ್ನು ಹಿಂದಕ್ಕೆಳೆದುಕೊಂಡೆ.

ಲೆಕ್ಕ ಬಲ್ಲವನಾದುದರಿಂದ ಬೆಲೆ ಅನ್ಯಾಯವೆಂದು ಹೇಳಲಾರೆ. ಚೂರುಗಳನ್ನು ಸಣ್ಣ ಗರಗಸದಿಂದ ಕತ್ತರಿಸಿ, ಅವುಗಳ ಆಕಾರಕ್ಕೆ ತಕ್ಕಂತೆ ಹಲಗೆಯನ್ನು ಕೆತ್ತಿ, ಅಂಟಿನಿಂದ ಕೂರಿಸಿ, ಉಜ್ಜಿ ಹೊಳಪು ಕೊಡುವವರೆಗೆ ಎಷ್ಟು ದಿನಗಳ ದುಡಿಮೆ! ಹಿಂದೆ ಬಿಳಿಯ ಭಾಗಕ್ಕೆ ಆನೆಯ ದಂತವನ್ನೇ ಬಳಸುತ್ತಿದ್ದರು. ಮೈಸೂರು ಅರಮನೆಯ ಬಾಗಿಲುಗಳಲ್ಲಿ ಅದನ್ನು ಇಂದಿಗೂ ಕಾಣಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986 ಮತ್ತು 1991ರಲ್ಲಿ ಆದ ತಿದ್ದುಪಡಿಗಳು ದಂತದ ವ್ಯಾಪಾರವನ್ನು ನಿಷೇಧಿಸಿದವು. ಶ್ರಾವಕನಿಗೆ ಸಲ್ಲದ ವ್ಯಾಪಾರಗಳಲ್ಲಿ ದಂತವಾಣಿಜ್ಯವನ್ನು ನಮ್ಮ ಆಚಾರ್ಯರು ಅದಕ್ಕೆ ಎಷ್ಟೋ ಶತಮಾನಗಳ ಮೊದಲೇ ಎಣಿಸಿದ್ದರು.

ಮನೆಯಲ್ಲಿ ಹಳೆಯ ತೇಗದ ಮೇಜೊಂದಿತ್ತು. ಕೊಳ್ಳಲಾಗದ್ದನ್ನು ಮಾಡಿಕೊಳ್ಳಬಾರದೇಕೆ ಎನಿಸಿತು. ಮೊದಲು ತೆಳುವಾದ ಮರದ ಹಾಳೆಗಳನ್ನು ಕತ್ತರಿಸಿ ಅಂಟಿಸಲು ಹೋದೆ. ಅವು ಎಳೆಯ ಗುಂಟ ಸೀಳಿಹೋದವು. ಪರಿಚಿತ ಬಡಗಿಯೊಬ್ಬರು, "ಸಾವ್ಕಾರ್ರೇ, ಚಿತ್ರದ ಗೆರೇನ ಚೂರಿಯಿಂದ ಗೀರಿಬಿಡಿ. ಬಣ್ಣ ಗೆರೆ ದಾಟಿ ಹರಡೋದಿಲ್ಲ" ಎಂದರು. ಹಾಗೆಯೇ ಮಾಡಿದೆ. ಗೀರಿದ ಗೆರೆಗಳ ನಡುವೆ ಮರಕ್ಕೆ ಹಚ್ಚುವ ತಿಳಿ ಮತ್ತು ಗಾಢ ಬಣ್ಣಗಳನ್ನು ತುಂಬಿ, ಮೇಲೆ ವಾರ್ನಿಷ್ ಬಳಿದೆ. ಇಪ್ಪತ್ತು ಸಂಜೆಗಳು ಕಳೆದವು. ಖರ್ಚು 640 ರೂಪಾಯಿ. ನಾಲ್ಕು ಅಡಿ ದೂರದಿಂದ ನೋಡಿದವರಿಗೆ ಅದು ಹುದುಗಿಸಿದ ಕೆಲಸವೇ.

ಮುಂದಿನ ವಾರ ಬೀಗರು ಬಂದರು. "ಅಸಲಿ ಮೈಸೂರು ಕೆಲಸ! ಬಹಳವಾಗಿರಬೇಕಲ್ಲ, ಬೀಗರೇ?" ಎಂದರು. ನಾನು ಮುಗುಳ್ನಕ್ಕು ಸುಮ್ಮನಾದೆ.

ಅಂದಿನ ರಾತ್ರಿ ಸಾಮಾಯಿಕಕ್ಕೆ ಕುಳಿತಾಗ ಮನಸ್ಸು ನಿಲ್ಲಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ, ಎಂದರೆ ನಕಲನ್ನು ಅಸಲೆಂದು ಸಾಗಿಸುವುದು. ನಲವತ್ತು ವರ್ಷ ಅಂಗಡಿ ನಡೆಸಿದೆ; ಮೆಣಸಿಗೆ ಪರಂಗಿಯ ಬೀಜ ಬೆರೆಸಿದವನಲ್ಲ. ಇಲ್ಲಿ ಹಣದ ಮಾತೇ ಇರಲಿಲ್ಲವೆಂದು ಸಮಾಧಾನ ಹೇಳಿಕೊಂಡೆ. ಆದರೆ ಯಾರೋ ಕುಶಲಕರ್ಮಿಯ ಶ್ರಮಕ್ಕೆ ಸಲ್ಲಬೇಕಾದ ಹೊಗಳಿಕೆಯನ್ನು ನಾನು ಮೌನದಿಂದಲೇ ಜೇಬಿಗಿಳಿಸಿದ್ದೆ. ಕೊಡದದ್ದನ್ನು ಪಡೆಯುವುದು ಕಳವಾದರೆ, ಇದು ಮತ್ತೇನು?

ಬೆಳಗ್ಗೆ ಬೀಗರಿಗೆ ದೂರವಾಣಿ ಮಾಡಿ ನಿಜವನ್ನು ತಿಳಿಸಿದೆ. ಅವರು ನಕ್ಕು, "ನಿನ್ನೆಯೇ ಹೇಳಿದ್ದರೆ ನಿಮ್ಮ ಕೈಯನ್ನೇ ಹೊಗಳುತ್ತಿದ್ದೆನಲ್ಲ!" ಎಂದರು. ನನ್ನದಲ್ಲದ ಹೊಗಳಿಕೆಗೆ ಆಸೆಪಟ್ಟು ನನ್ನದಾಗಬಹುದಾಗಿದ್ದುದನ್ನು ಕಳೆದುಕೊಂಡಿದ್ದೆ.

ಅಲ್ಪ ವೆಚ್ಚದಲ್ಲಿ ಅಂದವನ್ನು ಬಯಸುವುದು ಗೃಹಸ್ಥನಿಗೆ ದೋಷವಲ್ಲ, ಅನುಕರಣೆಯೂ ದೋಷವಲ್ಲ. ಅನುಕರಣೆಯೆಂದು ಹೇಳಲು ನಾಲಿಗೆ ಹಿಂಜರಿದಾಗ ದೋಷ ಆರಂಭವಾಗುತ್ತದೆ. ಈಗ ಮೇಜಿನ ಒಂದು ಅಂಚಿನಲ್ಲಿ, ಬಂದವರಿಗೆ ಕಾಣುವಂತೆ, ಸಣ್ಣ ಅಕ್ಷರಗಳಲ್ಲಿ ಬರೆದಿದ್ದೇನೆ: ತೇಗ, ಬಣ್ಣ, ಮನೆಯ ಕೆಲಸ.